ಕೊಂಬೆ ನೆಟ್ಟ ದಾರಿ

ಹೆಲ್ಲೆಬೋ, ನಾರ್ವೆ
೨೭ ಮಾರ್ಚ್ ೧೯೩೮

ಪ್ರೀತಿಯ ಪೋಲ್ಡಿ,

ಎರಡು ವಾರದಿಂದ ರೇಡಿಯೋದಲ್ಲಿ ನಿಮ್ಮ ವಿಯೆನ್ನಾದ್ದೇ ಮಾತು. ಜರ್ಮನಿಯ ಸೈನ್ಯ ಗಡಿ ದಾಟಿತಂತೆ, ತಡೆಯುವವರೇ ಇರಲಿಲ್ಲವಂತೆ, ನೋಡನೋಡುತ್ತ ಆಸ್ಟ್ರಿಯಾ ಎಂಬ ದೇಶವೇ ಇಲ್ಲವಾಯಿತಂತೆ. ಪತ್ರಿಕೆಯಲ್ಲಿ ಸೈನಿಕರ ಮೇಲೆ ಹೂವು ಎಸೆಯುವ ಜನರ ಚಿತ್ರ ಬಂದಿದೆ. ಆ ಗುಂಪಿನಲ್ಲಿ ನಿನ್ನ ಮುಖ ಇದೆಯೇ ಎಂದು ಕನ್ನಡಕ ಹಾಕಿಕೊಂಡು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಆ ಪತ್ರಿಕೆಯನ್ನು ಒಲೆಗೆ ಹಾಕುತ್ತಿದ್ದೆ.

ನಮ್ಮ ಮನೆಗೆ ಬಂದಾಗ ನಿನಗೆ ಏಳು ವರ್ಷ. ಹಿಂದಿನ ಯುದ್ಧ ಮುಗಿದು ನಿಮ್ಮೂರಿನ ಮಕ್ಕಳು ಅನ್ನವಿಲ್ಲದೆ ಸಾಯುತ್ತಿದ್ದರು. ಕೊರಳಿಗೆ ಚೀಟಿ ಕಟ್ಟಿ, ರೈಲಿನಲ್ಲಿ ತುಂಬಿ ನಮ್ಮಲ್ಲಿಗೆ ಕಳಿಸಿದರು. ಮೊದಲ ವಾರವೆಲ್ಲ ನೀನು ಅಡುಗೆಮನೆಯ ಗೋಡೆಯ ಸುಣ್ಣ ನೆಕ್ಕುತ್ತಿದ್ದೆ. ಎರಡು ವರ್ಷ ಹಾಲು, ಗಂಜಿ, ಒಣಮೀನು ತಿನ್ನಿಸಿ, ನಿನ್ನ ಎಲುಬಿನ ಮೇಲೆ ಮಾಂಸ ಹತ್ತಿಸಿ ನಿನ್ನ ಹೆತ್ತಮ್ಮನಿಗೆ ಒಪ್ಪಿಸಿದೆವು. ಯುದ್ಧ ಎಂದರೇನು ಎಂದು ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಕೇಳುತ್ತಿದ್ದೇನೆ, ಆ ದಿನ ನೀನು ಎಲ್ಲಿ ನಿಂತಿದ್ದೆ?

ನೀನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದ ನಿನ್ನ ತಮ್ಮ ಐಲಿಫ್ ಈಗ ಬಾಗಿಲಿಗೆ ತಲೆ ತಗ್ಗಿಸಿ ಬರುವ ಗಂಡಸು. ಈಸ್ಟರ್ ಹತ್ತಿರ ಬಂತಲ್ಲ, ಬೆಟ್ಟದ ದಾರಿಗೆ ಕೊಂಬೆ ನೆಡಲು ಹೋಗಿದ್ದಾನೆ. ಹೋಗುವವರು ದಾರಿ ತಪ್ಪದಿರಲೆಂದು ಹಿಮದ ಮೇಲೆ, ಒಂದರಿಂದ ಇನ್ನೊಂದು ಕಾಣುವಷ್ಟು ದೂರಕ್ಕೊಂದರಂತೆ ಬರ್ಚ್ ಮರದ ಕೊಂಬೆ ನೆಡುತ್ತ, ಆಚೆ ಕಣಿವೆಯ ಲಿದ್ ಸೇತುವೆಯವರೆಗೆ ನೀನೂ ಒಮ್ಮೆ ನಮ್ಮ ಜೊತೆ ಬಂದಿದ್ದೆ. ನೆಟ್ಟ ಕೊಂಬೆಯೊಂದನ್ನು ಕುದುರೆ ಮಾಡಿಕೊಂಡು ಆಡಲು ಕಿತ್ತಾಗ ನನ್ನ ಗಂಡ ಆಸ್ಮುಂಡ್, ಯಾರ ಮೇಲೂ ಕೈ ಎತ್ತದವನು, ನಿನ್ನ ಕೆನ್ನೆಗೆ ಬಾರಿಸಿದ್ದ. "ನಿನ್ನ ಆಟಕ್ಕೆ ಒಬ್ಬ ದಾರಿ ತಪ್ಪಿ ಸಾಯ್ತಾನೆ ಕಣೋ" ಅಂದಿದ್ದ. ಅವನು ಹೋಗಿ ಆರು ವರ್ಷವಾಯಿತು. ನೀನು ಏಟು ತಿಂದ ದಿನದಿಂದ ಇಲ್ಲಿ ಕೊಂಬೆ ಕಿತ್ತವರು ಯಾರೂ ಇಲ್ಲ.

ಉತ್ತರ ಬರೆ. ತಿರುಗಿಸಿ ಮುರುಗಿಸಿ ಬರೆಯಬೇಡ.

ನಿನ್ನ ಅಮ್ಮ
ಗುನ್ವೋರ್


ವಿಯೆನ್ನಾ
೧೯ ಏಪ್ರಿಲ್ ೧೯೩೮

ಪ್ರೀತಿಯ ಅಮ್ಮ,

ತಿರುಗಿಸದೆ ಬರೆಯುತ್ತೇನೆ. ನಾನು ಬೀದಿಯಲ್ಲಿದ್ದೆ. ಹೂವು ಎಸೆಯಲಿಲ್ಲ. ಆದರೆ ಕೈ ಬೀಸಿದೆ.

ನಾಲ್ಕು ವರ್ಷ ಕೆಲಸವಿಲ್ಲದೆ ಅಲೆದವನಿಗೆ ಈಗ ರಸ್ತೆ ಇಲಾಖೆಯಲ್ಲಿ ಅಳತೆಯ ಕೆಲಸ ಸಿಕ್ಕಿದೆ. ಬೂಟು ಹೊಸದು. ನಾವೂ ಜರ್ಮನಿಯವರೂ ಒಂದೇ ಭಾಷೆಯವರು, ಒಂದಾದೆವು, ರಕ್ತ ಹರಿಯಲಿಲ್ಲ. ಇದರಲ್ಲಿ ನೆರೆಯವರಿಗೆ ಏನು ನಷ್ಟ? ನಮ್ಮವರನ್ನು ಸೇರಿಸಿಕೊಂಡರೆ ಸಾಕು, ಬೇರೆಯವರ ಮಣ್ಣು ಬೇಡ ಎಂದೇ ಎಲ್ಲರೂ ಹೇಳುತ್ತಾರೆ.

ಕೆಟ್ಟದ್ದೂ ನಡೆದಿದೆ. ನಮ್ಮ ಮಹಡಿಯ ಗಡಿಯಾರ ರಿಪೇರಿಯ ಮುದುಕರನ್ನು, ಯಹೂದಿ ಎಂಬ ಕಾರಣಕ್ಕೆ, ಮಂಡಿಯೂರಿಸಿ ಬೀದಿ ತಿಕ್ಕಿಸಿದರು. ನಾನು ಬೇರೆ ದಾರಿಯಿಂದ ಮನೆಗೆ ಬಂದೆ. ಹೊಸದರಲ್ಲಿ ಹೀಗೆಲ್ಲ ಆಗುತ್ತದೆ, ತಣ್ಣಗಾಗುತ್ತದೆ ಎನ್ನುತ್ತಾರೆ.

ಐಲಿಫ್‌ಗೆ ಮುತ್ತು.

ನಿನ್ನ ಪೋಲ್ಡಿ


ಹೆಲ್ಲೆಬೋ
೯ ಅಕ್ಟೋಬರ್ ೧೯೩೮

ಪೋಲ್ಡಿ,

ಬೇರೆ ದಾರಿಯಿಂದ ಮನೆಗೆ ಬಂದೆಯಲ್ಲ, ಆ ಸಾಲನ್ನು ಬೇಸಿಗೆಯೆಲ್ಲ ಓದಿದ್ದೇನೆ. ಸಿಗ್ನೆಗೂ ಓದಿ ಹೇಳಿದೆ. ನಿನ್ನ ಅತ್ತೆ ಗೊತ್ತಲ್ಲ, ಬಾಯಿಗೆ ಬೀಗವಿಲ್ಲ. "ಹಾಲು ಕುಡಿಸಿದ್ದು ಬೆನ್ನುಮೂಳೆಗೆ ಹತ್ತಲಿಲ್ಲ ಅನ್ನು" ಎಂದಳು. ನಿನ್ನ ಪರವಾಗಿ ಅವಳೊಡನೆ ಜಗಳವಾಡಿದೆ. ಮನಸ್ಸಿಲ್ಲದ ಮನಸ್ಸಿನಿಂದ ಆಡಿದೆ.

ಬೇರೆಯವರ ಮಣ್ಣು ಬೇಡ ಎಂದಿದ್ದೆ. ಈಗ ಜೆಕ್ ಜನರ ಗಡಿನಾಡು ಹೋಯಿತು. ದೊಡ್ಡ ದೇಶದವರು ನಾಲ್ಕು ಜನ ಮೇಜಿನ ಸುತ್ತ ಕೂತು, ಮನೆಯ ಯಜಮಾನನನ್ನು ಹೊರಗೆ ನಿಲ್ಲಿಸಿ, ಅವನ ಮನೆಯ ಗೋಡೆಯನ್ನು ಹಂಚಿಕೊಟ್ಟರು. ಇದಕ್ಕೆ ಶಾಂತಿ ಎಂದು ಹೆಸರು! ನಮ್ಮ ಪಾದ್ರಿಗಳೂ ಚರ್ಚಿನಲ್ಲಿ ದೇವರಿಗೆ ಧನ್ಯವಾದ ಹೇಳಿದರು. ನಾನು ಎದ್ದು ಹೊರಗೆ ಬಂದೆ. ಬೆರಳು ತೋರಿಸಿದರೆ ಹಸ್ತ ನುಂಗುವವನಿಗೆ ಇವರು ಬೆರಳಿಗೆ ಬೆಣ್ಣೆ ಸವರಿ ಕೊಟ್ಟಿದ್ದಾರೆ. ಹಸಿದವನಿಗೆ ಊಟ ಹಾಕಿ ಗೊತ್ತು ನನಗೆ. ಹಸಿದವನ ಹೊಟ್ಟೆ ಒಂದು ಹೊತ್ತಿಗೆ ತುಂಬುತ್ತದೆ, ಇದು ಹಸಿವಲ್ಲ.

ಈಸ್ಟರ್‌ಗೆ ಬಾ. ಮುಖ ನೋಡಿ ಮಾತಾಡಬೇಕು.

ಅಮ್ಮ


ಹೆಲ್ಲೆಬೋ
೨೩ ಏಪ್ರಿಲ್ ೧೯೩೯

ಪೋಲ್ಡಿ,

ನೀನು ಬರುವ ಹೊತ್ತಿಗೆ ಪ್ರಾಗ್ ನಗರವನ್ನೂ ನುಂಗಿಯಾಗಿತ್ತು. ಅಲ್ಲಿಯವರು ನಿಮ್ಮ ಭಾಷೆಯವರಲ್ಲವಲ್ಲ ಎಂದು ಕೇಳಬೇಕೆಂದಿದ್ದೆ. ಕೇಳಲು ಆ ನಿನ್ನ ಗೆಳೆಯ ಬಿಡಬೇಕಲ್ಲ.

ಒಬ್ಬನೇ ಬರುತ್ತೀಯ ಎಂದುಕೊಂಡಿದ್ದೆ. ರೈಮುಂಡ್ ಎಂಬ ಆ ಭೂಗೋಳದ ಮೇಷ್ಟ್ರನ್ನು ಏಕೆ ತಂದೆ? ಕುರಿಮಾಂಸ ಬಡಿಸಿದೆ, ಆಸ್ಮುಂಡನ ಸ್ಕೀ ಕೊಟ್ಟೆ. ಅವನು ಉಂಡ ಮನೆಯ ಜಂತೆ ಎಣಿಸಿದ. ದೋಣಿಕಟ್ಟೆಯ ಚಿತ್ರ ತೆಗೆದ. ಅಲ್ಲಿ ನೀರು ಎಷ್ಟು ಆಳ, ದೊಡ್ಡ ಹಡಗು ನಿಲ್ಲುತ್ತದೆಯೇ ಎಂದು ಐಲಿಫ್‌ನನ್ನು ಕೇಳಿದ. ಆ ಪೆದ್ದು ಎಲ್ಲ ಹೇಳಿದ. ನಮ್ಮಲ್ಲಿ ಅತಿಥಿ ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ ಮರ್ಯಾದೆಯಲ್ಲ. ಮೂವರೂ ಕೊಂಬೆ ನೆಟ್ಟ ದಾರಿಯಲ್ಲಿ ಲಿದ್ ಸೇತುವೆಗೆ ಹೋಗಿ ಬಂದಿರಿ. ಬಂದವನು ಸೇತುವೆಯ ಕಲ್ಲುಕಂಬ ಎಷ್ಟು ದಪ್ಪವೆಂದು ಊಟದ ಮೇಜಿನಲ್ಲಿ ನಿನ್ನೊಡನೆ ಜರ್ಮನ್‌ನಲ್ಲಿ ಮಾತಾಡಿದ. ನನಗೆ ಜರ್ಮನ್ ಬಾರದು ಎಂದು ತಿಳಿದಿದ್ದ. ಹಸಿದ ಮಗುವಿನ ಮಾತು ತಿಳಿಯಬೇಕೆಂದು ಆ ಎರಡು ವರ್ಷದಲ್ಲಿ ಅಷ್ಟಿಷ್ಟು ಕಲಿತಿದ್ದೇನೆ, ಅದು ನಿನಗೆ ಗೊತ್ತಿತ್ತು. ನೀನು ತಟ್ಟೆ ನೋಡುತ್ತ ಕೂತೆ.

ಹೊರಡುವಾಗ ನಿನ್ನನ್ನು ತಬ್ಬಿಕೊಳ್ಳಲಿಲ್ಲ. ಬೇಕೆಂದೇ ತಬ್ಬಿಕೊಳ್ಳಲಿಲ್ಲ. ಆಮೇಲೆ ದೋಣಿ ಮರೆಯಾಗುವವರೆಗೂ ಕಿಟಕಿಯಲ್ಲಿ ನಿಂತಿದ್ದೆ.

ಅಮ್ಮ


ವಿಯೆನ್ನಾ
೧೪ ಮೇ ೧೯೩೯

ಪ್ರೀತಿಯ ಅಮ್ಮ,

ರೈಮುಂಡ್ ಮೇಷ್ಟ್ರೇ. ಮೇಷ್ಟ್ರುಗಳಿಗೆ ಅಳತೆಯ ಹುಚ್ಚು, ನನಗೂ ಇದೆ. ನಿನಗೆ ಈಚೆಗೆ ಕಂಡದ್ದರಲ್ಲೆಲ್ಲ ಅನುಮಾನ. ನಾರ್ವೆಯನ್ನು ಯಾರು ಏನು ಮಾಡುತ್ತಾರೆ ಅಮ್ಮ? ಮೀನು, ಬಂಡೆ, ಮೇಕೆ.

ನನ್ನನ್ನು ಸೈನ್ಯಕ್ಕೆ ಕರೆದಿದ್ದಾರೆ. ಎಲ್ಲರನ್ನೂ ಕರೆಯುತ್ತಿದ್ದಾರೆ.

ಪೋಲ್ಡಿ


ಸೈನಿಕ ಅಂಚೆ
೨ ಅಕ್ಟೋಬರ್ ೧೯೩೯

ಅಮ್ಮ,

ಎಲ್ಲಿದ್ದೇನೆಂದು ಬರೆಯುವಂತಿಲ್ಲ. ರೇಡಿಯೋ ಕೇಳುತ್ತೀಯ, ಯಾವ ದೇಶವೆಂದು ಊಹಿಸಿರುತ್ತೀಯ. ಅವರೇ ಮೊದಲು ಗುಂಡು ಹಾರಿಸಿದರು ಎಂದು ನಮಗೆ ಹೇಳಿದ್ದಾರೆ.

ಒಂದು ಹಳ್ಳಿಗೆ ಹೋದೆವು. ಒಂದು ಅಂಗಳದಲ್ಲಿ ಹಾಲಿನ ಬಕೆಟ್ಟು ಬೋರಲು ಬಿದ್ದಿತ್ತು. ಒಳಗೆ ಗೋಡೆಗೆ ಆಗಷ್ಟೇ ಸುಣ್ಣ ಹೊಡೆದಿದ್ದರು, ಇನ್ನೂ ವಾಸನೆ ಇತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಹಿತ್ತಿಲಿನಲ್ಲಿದ್ದರು. ಮೂರು ದಿನ ನನಗೆ ಊಟ ಸೇರಲಿಲ್ಲ.

ಪೋಲ್ಡಿ


ಹೆಲ್ಲೆಬೋ
೫ ನವೆಂಬರ್ ೧೯೩೯

ಪ್ರೀತಿಯ ಪೋಲ್ಡಿ,

ಮೊದಲು ಗುಂಡು ಯಾರು ಹಾರಿಸಿದರು ಎಂದು ನನ್ನನ್ನು ನಂಬಿಸಬೇಡ. ಹಾಲಿನ ಬಕೆಟ್ಟು ನಡೆದುಕೊಂಡು ನಿಮ್ಮ ಗಡಿಗೆ ಬಂದಿತ್ತೇ? ನೀವು ಅದರ ಅಂಗಳಕ್ಕೆ ಹೋದಿರಿ. ಈಗ ಇಂಗ್ಲೆಂಡಿನವರು, ಫ್ರಾನ್ಸಿನವರು ಯುದ್ಧಕ್ಕಿಳಿದಿದ್ದಾರೆ. ಒಬ್ಬನ ದುರಾಸೆಗೆ ಒಂದೊಂದೇ ದೇಶದ ತಾಯಂದಿರು ಮಕ್ಕಳಿಗೆ ಚೀಲ ಕಟ್ಟಿಕೊಡುತ್ತಿದ್ದಾರೆ. ಐಲಿಫ್‌ನನ್ನೂ ಗಡಿ ಕಾಯಲು ಕರೆದಿದ್ದಾರೆ. ಯಾವ ದೇಶದ ತಂಟೆಗೂ ಹೋಗದ ನಮಗೆ ಈ ಕರ್ಮ ಯಾಕೆ?

ಆದರೆ ಮೂರು ದಿನ ನಿನಗೆ ಊಟ ಸೇರಲಿಲ್ಲ ಎಂದೆಯಲ್ಲ, ಅದನ್ನು ಓದಿ ಅತ್ತುಬಿಟ್ಟೆ. ನೀನು ಇನ್ನೂ ನನ್ನವನೇ.

ಕೇಳು. ಇಲ್ಲಿ ಮರ ಕಡಿಯಲು ಆಳಿಲ್ಲ. ಕೊಟ್ಟಿಗೆಯ ಮೇಲಿನ ಕೋಣೆ ಖಾಲಿ ಇದೆ. ರಜೆ ಸಿಕ್ಕಾಗ ಸ್ವೀಡನ್ ಕಡೆಯಿಂದ ಬಾ. ಬಂದ ಆಳು ವಾಪಸು ಹೋಗಬೇಕಾಗಿಲ್ಲ. ಅರ್ಥವಾಯಿತಲ್ಲ?

ನಿನ್ನ ಅಮ್ಮ


ಬರ್ಗೆನ್
೧೬ ಏಪ್ರಿಲ್ ೧೯೪೦

ಪ್ರೀತಿಯ ಅಮ್ಮ,

ನಿನ್ನ ಪತ್ರ ಅರ್ಥವಾಗಿತ್ತು. ಧೈರ್ಯ ಬರಲಿಲ್ಲ. ಓಡಿಹೋದವನ ಮನೆಯವರನ್ನು ಸುಮ್ಮನೆ ಬಿಡುವುದಿಲ್ಲ, ವಿಯೆನ್ನಾದಲ್ಲಿ ಹೆತ್ತಮ್ಮ ಇದ್ದಾಳೆ.

ಈಗ ನಿನ್ನಿಂದ ಎರಡು ದಿನದ ದೂರದಲ್ಲಿದ್ದೇನೆ. ನಾರ್ವೆಯ ಭಾಷೆ ಬರುತ್ತದೆಂದು ದುಭಾಷಿಯಾಗಿ ಕಳಿಸಿದ್ದಾರೆ. ಇಂಗ್ಲಿಷರಿಂದ ನಿಮ್ಮನ್ನು ಕಾಪಾಡಲು ಬಂದಿದ್ದೇವೆಂದು ಇಲ್ಲಿನವರಿಗೆ ಓದಿ ಹೇಳಬೇಕು. ಹೇಳುತ್ತಿದ್ದೇನೆ. ಯಾರೂ ನನ್ನ ಮುಖ ನೋಡುವುದಿಲ್ಲ.

ಐಲಿಫ್ ಎಲ್ಲಿದ್ದಾನೆ? ಬಂದೂಕು ಕೆಳಗಿಟ್ಟು ಮನೆಗೆ ಬರಲು ಹೇಳು. ಕೈ ಮುಗಿದು ಕೇಳುತ್ತೇನೆ.

ಪೋಲ್ಡಿ


ಹೆಲ್ಲೆಬೋ
೨ ಜೂನ್ ೧೯೪೦

ಪೋಲ್ಡಿ,

ನಿನ್ನ ಪತ್ರ ತಲುಪಲು ಒಂದು ತಿಂಗಳು ಹಿಡಿಯಿತು. ಹಿಂದಿನ ವರ್ಷ ಈಸ್ಟರ್ ಭಾನುವಾರ ನನ್ನ ಮೇಜಿನಲ್ಲಿ ಕುರಿಮಾಂಸ ಉಂಡೆಯಲ್ಲ, ಈ ವರ್ಷ ಅದೇ ತಾರೀಖಿಗೆ ನಿನ್ನವರು ಹಡಗಿನಲ್ಲಿ ಬಂದು ನಮ್ಮ ದೇಶಕ್ಕೆ ಇಳಿದರು. ಕಾಪಾಡಲು ಬಂದರಂತೆ! ಕಾಪಾಡಿ ಎಂದು ಕರೆದವರು ಯಾರು? ಎಚ್ಚರಿಕೆಯಿಲ್ಲ, ಯುದ್ಧದ ಮಾತಿಲ್ಲ, ಕಳ್ಳರ ಹಾಗೆ ಕತ್ತಲೆಯಲ್ಲಿ ಬಂದು ಬೆಳಗ್ಗೆ ಗೆಳೆಯರು ಎನ್ನುತ್ತಾರೆ.

ಐಲಿಫ್ ಎಲ್ಲಿ ಎಂದು ಕೇಳಿದ್ದೀಯ. ಹೇಳುತ್ತೇನೆ, ಓದು.

ಅವನ ತುಕಡಿ ಲಿದ್ ಸೇತುವೆಯನ್ನು ಹಿಡಿದು ನಿಂತಿತ್ತು. ರಸ್ತೆಯಿಂದ ಬಂದ ನಿನ್ನವರನ್ನು ವಾರಗಟ್ಟಲೆ ದಾಟಗೊಡಲಿಲ್ಲ. ಅಷ್ಟರಲ್ಲಿ ನಮ್ಮ ಕೊಲ್ಲಿಯ ಬಾಯಿಗೆ ಜರ್ಮನ್ ಹಡಗು ಬಂದಿದೆ ಎಂದು ಸುದ್ದಿ ಬಂತು. ಹಡಗಿನವರು ನಮ್ಮ ದೋಣಿಕಟ್ಟೆಗೆ ಇಳಿದು, ಕೊಂಬೆಗಳ ಗುರುತು ಹಿಡಿದು ಬೆಟ್ಟ ಹತ್ತಿದರೆ, ಒಂದೇ ದಿನದಲ್ಲಿ ನಮ್ಮ ಹುಡುಗರ ಬೆನ್ನಿಗೆ ಬಂದು ನಿಲ್ಲುತ್ತಾರೆ. ಆ ದಾರಿ ಹೊರಗಿನವರಿಗೆ ಹೇಗೆ ಗೊತ್ತು? ನಿನಗೆ ಗೊತ್ತು. ನಿನ್ನ ಮೇಷ್ಟ್ರಿಗೆ ಗೊತ್ತು. ನಾನೇ ಸ್ಕೀ ಕೊಟ್ಟು ಕಳಿಸಿದ್ದೆ.

ಕೊಂಬೆ ಕೀಳೋಣ ಎಂದವಳು ನಾನು. ಊರಲ್ಲಿ ಉಳಿದ ಹೆಂಗಸರು ಸ್ಕೀ ತರಲು ಎದ್ದರು. ಸಿಗ್ನೆ ಮಾತ್ರ ಅಂದಳು, "ಇನ್ನೂ ಹಿಮ ಬೀಳೋ ಏಪ್ರಿಲ್ಲಲ್ಲಿ ಕೊಂಬೆ ಕೀಳೋದಾ? ಸಾಕಿದ ಕೈಯಲ್ಲೇ ಕತ್ತು ಹಿಸುಕಿದ ಹಾಗೆ ಕಣೇ ಗುನ್ವೋರ್." ನಾನು ಅವಳ ಮೇಲೆ ರೇಗಿದೆ. ನಿನಗೇನು, ಸೇತುವೆಯಲ್ಲಿ ನಿನ್ನ ಮಗ ಇಲ್ಲವಲ್ಲ ಎಂದೆ. ಅವಳಿಗೆ ಮಕ್ಕಳಿಲ್ಲ. ಆ ಮಾತು ನನ್ನ ಬಾಯಿಂದ ಬಂತು. ಅವಳು ಸ್ಕೀ ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ನಡೆದಳು.

ಹಾಡುಹಗಲಲ್ಲಿ, ಒಳ್ಳೆಯ ಬಿಸಿಲಿನಲ್ಲಿ ಕಿತ್ತೆವು. ನಮ್ಮ ಕೈಯಾರೆ ನೆಟ್ಟದ್ದನ್ನು ಮೇಲಿನ ಸರೋವರದ ಆಚೆಯವರೆಗೆ ಒಂದೂ ಬಿಡದೆ ಕಿತ್ತು, ರಂಧ್ರಗಳನ್ನು ಹಿಮ ತುಂಬಿ ಮುಚ್ಚಿದೆವು. ಸೇತುವೆಗೆ ಫೋನು ಮಾಡಿ ತಿಳಿಸಬೇಕೆಂದರೆ ತಂತಿ ಕಡಿದಿತ್ತು. ಕೊಂಬೆಯಿಲ್ಲದ ಬೆಟ್ಟಕ್ಕೆ ಯಾರನ್ನೂ ಹತ್ತಿಸುವಂತಿರಲಿಲ್ಲ, ಅಂಚೆಯವನನ್ನು ಸುತ್ತಿನ ರಸ್ತೆಯಲ್ಲಿ ಕಳಿಸಿದೆ. ರಸ್ತೆಗೆ ಬಾಂಬು ಬಿದ್ದು ಅವನು ಅರ್ಧ ದಾರಿಯಿಂದ ತಿರುಗಿದ.

ಹಡಗು ನಮ್ಮ ಕಟ್ಟೆಗೆ ಬರಲೇ ಇಲ್ಲ. ನಿನ್ನವರು ಬೆಟ್ಟ ಹತ್ತಲೂ ಇಲ್ಲ. ಮಾರನೆಯ ದಿನ ವಿಮಾನಗಳು ಬಂದು ಸೇತುವೆಯನ್ನು ಕೆಡವಿ ಅಲ್ಲಿನ ಊರನ್ನು ಸುಟ್ಟವು. ನಮ್ಮ ತುಕಡಿ ಚದುರಿತು. ಐಲಿಫ್ ಜೊತೆಯವರನ್ನು ಕರೆದುಕೊಂಡು ಬೆಟ್ಟದ ದಾರಿಯಲ್ಲಿ ಮನೆಗೆ ಹೊರಟ. ಮೇಲೆ ಹಿಮಗಾಳಿ ಎದ್ದಿತು.

ಅವನ ಜೊತೆಯಲ್ಲಿದ್ದ ಬಂಡೆಮನೆಯ ಸ್ಯೂರ್ ಬದುಕಿ ಬಂದ. ಕಾಲಿನ ಬೆರಳು ಕಳೆದುಕೊಂಡ. ಅವನು ಹೇಳಲಾರೆ ಎಂದ, ನಾನು ಬಿಡಲಿಲ್ಲ. ಸರೋವರದ ಹತ್ತಿರ ಕೊಂಬೆಯ ಸಾಲು ನಿಂತುಹೋದಾಗ ಉಳಿದವರು ಹಿಂದಕ್ಕೆ ಹೋಗೋಣ, ಬಂಡೆಯ ಮರೆಯಲ್ಲಿ ಕೂರೋಣ ಎಂದರಂತೆ. ಐಲಿಫ್ ಕೇಳಲಿಲ್ಲವಂತೆ. "ಅಮ್ಮ ನೆಟ್ಟೇ ಇರ್ತಾಳೆ ಕಣ್ರೋ. ಹಿಮ ಮುಚ್ಚಿರುತ್ತೆ ಅಷ್ಟೇ. ಕೆದಕೋಣ" ಎಂದನಂತೆ. ಕೆದಕುತ್ತ ಕೆದಕುತ್ತ ಮುಂದೆ ಹೋದವನು ಇವರ ಕಣ್ಣಿಗೆ ಮರೆಯಾದ.

ಗಾಳಿ ನಿಂತ ಮೇಲೆ ನಾವೇ ಹೋಗಿ ತಂದೆವು. ಕೈಗವಸು ಹರಿದು ಬೆರಳು ಹೊರಬಂದಿತ್ತು. ಅಪ್ಪನ ಪಕ್ಕದಲ್ಲಿ ಮಲಗಿಸಿದ್ದೇವೆ.

ಗುನ್ವೋರ್


ಬರ್ಗೆನ್
೩೦ ಜೂನ್ ೧೯೪೦

ಅಮ್ಮ,

ಏನು ಬರೆಯಲಿ? ಎಷ್ಟೋ ಹಾಳೆ ಹರಿದೆ. ಇದನ್ನು ಅಂಚೆಗೆ ಹಾಕದೆ ಒಬ್ಬ ಮೀನುಗಾರನ ಕೈಯಲ್ಲಿ ಕಳಿಸುತ್ತಿದ್ದೇನೆ. ಆದರೆ ಒಂದನ್ನು ನೀನು ತಿಳಿಯಲೇಬೇಕು.

ರೈಮುಂಡ್ ಮೇಷ್ಟ್ರಲ್ಲ. ನಿನ್ನ ಅನುಮಾನವೇ ಸರಿ. ಅವನು ಬರೆದ ನಕ್ಷೆಯನ್ನು ಈ ಏಪ್ರಿಲ್‌ನಲ್ಲಿ ಒಬ್ಬ ಅಧಿಕಾರಿ ನನ್ನ ಮುಂದೆ ಹರಡಿದ. ಅದರಲ್ಲಿ ನಮ್ಮ ದಾರಿ ಇತ್ತು. ಹಡಗಿನಿಂದ ಇಳಿದು ಇಲ್ಲಿ ಹತ್ತಬಹುದೇ ಎಂದು ಕೇಳಿದ. ನಾನು ಸುಳ್ಳು ಹೇಳಿದೆ. ಅದು ಬೇಸಿಗೆಯ ದಾರಿ, ಈಗ ಹಿಮ ಕುಸಿಯುತ್ತದೆ, ಊರಿನವರೇ ಹೋಗುವುದಿಲ್ಲ ಎಂದೆ. ಸಿಕ್ಕಿಬಿದ್ದಿದ್ದರೆ ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುತ್ತಿದ್ದರು. ನನ್ನ ಮಾತು ನಂಬಿಯೇ ಹಡಗನ್ನು ಬೇರೆ ಕಡೆ ತಿರುಗಿಸಿದರು.

ನಿನ್ನ ಮನೆಗೆ ಎರಡು ಬಗೆಯಲಿಲ್ಲ ಅಮ್ಮ. ಅವನ ಸಮಾಧಿಯ ಹತ್ತಿರ ಒಂದು ಸಲ ಬಂದು ಹೋಗಲೇ? ಆಗಸ್ಟಿನಲ್ಲಿ ರಜೆ ಕೊಡುತ್ತಾರೆ.

ನಿನ್ನ ಪೋಲ್ಡಿ


ಹೆಲ್ಲೆಬೋ
೨೧ ಜುಲೈ ೧೯೪೦

ಪೋಲ್ಡಿ,

ನಾನೂ ಇದನ್ನು ಅಂಚೆಗೆ ಹಾಕುವುದಿಲ್ಲ. ನಿನ್ನವರು ಒಡೆದು ಓದುತ್ತಾರೆ. ಸಿಗ್ನೆ ಬರ್ಗೆನ್‌ಗೆ ಬರುತ್ತಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ಓದಿ ಸುಡು.

ನೀನು ಸುಳ್ಳು ಹೇಳಿದ್ದು ನಿಜವೆಂದು ನಂಬುತ್ತೇನೆ. ಚಿಕ್ಕವನಿದ್ದಾಗಲೂ ಐಲಿಫ್ ಚೆಲ್ಲಿದ ಹಾಲನ್ನು ನಾನೇ ಚೆಲ್ಲಿದೆ ಎನ್ನುತ್ತಿದ್ದೆ. ನಿನ್ನ ಪತ್ರ ಓದಿದ ದಿನ ಕೊಟ್ಟಿಗೆಯಲ್ಲಿ ಕೂತು ಹಸುಗಳಿಗೆ ಮಾತ್ರ ಕೇಳುವ ಹಾಗೆ ಕಿರುಚಿದೆ. ನೀನು ಬಾಯಿ ಬಿಟ್ಟಿರುತ್ತೀಯ ಎಂದು ಕೊಂಬೆ ಕಿತ್ತೆ. ನೀನು ಬಿಟ್ಟಿರಲಿಲ್ಲ. ನನ್ನ ಮಗ ಸತ್ತದ್ದು ಯಾತಕ್ಕೆ ಹಾಗಾದರೆ?

ಸಿಗ್ನೆ ನನ್ನನ್ನು ಬೈಯಲಿಲ್ಲ. ಊರಿನಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಉಸಿರಾಡಬಹುದಿತ್ತು. ನನ್ನ ಪಾಲಿನ ತಪ್ಪನ್ನು ನಾನು ಸಾಯುವವರೆಗೂ ಹೊರುತ್ತೇನೆ, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ. ಆದರೆ ನನ್ನ ತಪ್ಪಿನ ಹಿಂದೆ ಅಡಗಿಕೊಳ್ಳಲು ನಿನಗೂ ಬಿಡುವುದಿಲ್ಲ. ಎರಡು ಬಗೆಯಲಿಲ್ಲ ಎನ್ನುತ್ತೀಯ. ಮನೆಗೆ ಬೆಂಕಿ ಇಟ್ಟವರ ಜೊತೆ ಬಂದು, ಹಿತ್ತಿಲ ಬಾಗಿಲು ಮಾತ್ರ ನಾನು ತೋರಿಸಲಿಲ್ಲ ಎಂದ ಹಾಗಾಯಿತು. ನೀನು ಒಳ್ಳೆಯವನೇ ಇರಬಹುದು. ಒಳ್ಳೆಯವನು ಆ ಸೈನ್ಯದಲ್ಲಿದ್ದು ಯಾರಿಗೆ ಏನಾಯಿತು? ಸೇತುವೆ ಉಳಿಯಿತೇ? ನೀನು ಒಂದು ಸುಳ್ಳು ಹೇಳಿ, ಮತ್ತೆ ಅವರ ಮೇಜಿಗೇ ಹೋಗಿ ಊಟಕ್ಕೆ ಕೂತೆ.

ನಿನ್ನವರು ಬರದೇ ಇದ್ದಿದ್ದರೆ ಯಾರನ್ನು ನಂಬಬೇಕು, ಯಾರನ್ನು ನಂಬಬಾರದು ಎಂದು ನಾನು ಏಕೆ ಲೆಕ್ಕ ಹಾಕುತ್ತಿದ್ದೆ? ನೂರಾರು ವರ್ಷ ದೊಡ್ಡವರು ಯಾರೂ ಕೀಳದ ಕೊಂಬೆಗೆ ನನ್ನ ಕೈ ಏಕೆ ಹೋಗುತ್ತಿತ್ತು? ನಿನ್ನ ನಾಯಕ ಒಂದೊಂದೇ ದೇಶ ನುಂಗಿದ ಎಂದು ಪತ್ರಿಕೆಯಲ್ಲಿ ಬರೆಯುತ್ತಿದ್ದರು. ದೇಶ ಮಾತ್ರವಲ್ಲ. ನಮ್ಮ ಅಡುಗೆಮನೆಯೊಳಗೆ ಬಂದು, ಒಂದೇ ಹಾಲು ಕುಡಿದವರ ನಡುವೆ ಕೂತ.

ಇನ್ನೊಂದು ಮಾತು. ನಿಮ್ಮ ಆಜ್ಞೆಯನ್ನು ಬರ್ಗೆನ್ನಿನ ಚೌಕದಲ್ಲಿ ನೀನು ಓದುವುದನ್ನು ನಮ್ಮೂರಿನ ಮೀನುಗಾರರು ಕೇಳಿ ಬಂದಿದ್ದಾರೆ. ನಮ್ಮ ಕಣಿವೆಯ ಎಳೆದೆಳೆದು ಆಡುವ ಮಾತೇ ಅಂತೆ, ಕಣ್ಣು ಮುಚ್ಚಿದರೆ ಹೆಲ್ಲೆಬೋದವನೇ ಅಂತೆ. ಆ ಮಾತನ್ನು ನಾನು ಕಲಿಸಿದ್ದು ನೀನು ಹಸಿವಾಯಿತು ಎಂದು ಹೇಳಬೇಕೆಂದು. ಬಂದೂಕು ಒಪ್ಪಿಸಿ, ಇಲ್ಲವಾದರೆ ಗುಂಡು ಎಂದು ಹೇಳಲಿಕ್ಕಲ್ಲ.

ರಜೆ ಪಡೆದು, ಸಮವಸ್ತ್ರ ತೊಟ್ಟು, ಸಮಾಧಿಯ ಮುಂದೆ ಟೋಪಿ ತೆಗೆದು ನಿಲ್ಲಲು ಬರುತ್ತೀಯಾದರೆ ಬರಬೇಡ. ಗೇಟಿನಲ್ಲಿ ನಾನೇ ನಿಲ್ಲುತ್ತೇನೆ. ಹೆತ್ತಮ್ಮನ ಭಯ ನಿನಗಿದೆ, ಅದನ್ನು ನಾನು ಸಣ್ಣದೆನ್ನುವುದಿಲ್ಲ. ಅವಳೂ ನನ್ನ ಹಾಗೆ ಒಬ್ಬಳು. ಆದರೆ ಎಂದಾದರೂ ಆ ಬಟ್ಟೆ ಕಳಚಿ ಎಸೆಯುವ ಧೈರ್ಯ ಬಂದರೆ, ಬರಿಗೈಯಲ್ಲಿ ಬಾ. ಸಿಗ್ನೆಯೂ ನಾನೂ ನಿನ್ನನ್ನು ಬೆಟ್ಟ ದಾಟಿಸಿ ಸ್ವೀಡನ್ ಕಡೆಯವರ ಕೈಗೆ ಒಪ್ಪಿಸುತ್ತೇವೆ. ದಾರಿಯಲ್ಲಿ ನಿನ್ನವರು ನಿನ್ನನ್ನು ಹಿಡಿದು ಕೊಂದರೆ, ನಿನ್ನ ಹೆಣ ಕೊಡಿ ಎಂದು ನಾನೇ ಅವರ ಕಚೇರಿಗೆ ಹೋಗಿ ಕೇಳುತ್ತೇನೆ. ಇವನು ನಿಮಗೇನಾಗಬೇಕು ಎಂದು ಕೇಳಿದರೆ, ನನ್ನ ಹಿರಿಮಗ ಎನ್ನುತ್ತೇನೆ. ಐಲಿಫ್‌ನ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಇದೆ. ಅದು ನನಗೆಂದು ಇಟ್ಟುಕೊಂಡದ್ದು, ನಿನಗೆ ಬಿಟ್ಟುಕೊಡುತ್ತೇನೆ.

ಅಲ್ಲಿಯವರೆಗೆ ನನ್ನನ್ನು ಅಮ್ಮ ಎಂದು ಬರೆಯಬೇಡ.

ಗುನ್ವೋರ್ ಸ್ಕಾರ್‌ಬೋ